ಮೌನವಾಗಿ ಕೆಡುವ ಮೂತ್ರಪಿಂಡ: ಊರಿನ ಹೊಣೆ, ಶಾಲೆಯ ಹೊಣೆ

(ಶತಮಾನೋತ್ಸವದ ನಿಮಿತ್ತ ಏರ್ಪಟ್ಟ ಪಾಲಕರ ಸಭೆಯಲ್ಲಿ ಮುಖ್ಯಾಧ್ಯಾಪಕಿಯವರು ಮಾಡಿದ ಭಾಷಣ)



ನೂರು ವರ್ಷ ತುಂಬಿದ ಶಾಲೆಯ ಹಬ್ಬದಲ್ಲಿ ರೋಗದ ಮಾತೇಕೆ ಎಂದು ಕೆಲವರಿಗೆ ಅನಿಸಬಹುದು. ಅಕ್ಷರ ಕಲಿಸಿದ ಶಾಲೆಯು ಆ ಅಕ್ಷರವು ಮನೆಯಲ್ಲಿ ಯಾವ ಕೆಲಸಕ್ಕೆ ಬಂದಿತೆಂದು ನೋಡುವುದೂ ಒಂದು ಹಬ್ಬವೇ ಎಂದು ನಾವು ತಿಳಿದಿದ್ದೇವೆ. ದವಾಖಾನೆಯ ಚೀಟಿ ಕೈಯಲ್ಲಿ ಹಿಡಿದು "ಇದರಾಗ ಏನ ಬರದಾರ, ನೋಡ್ರಿ" ಎಂದು ಪಾಲಕರು ಶಾಲೆಯ ಬಾಗಿಲಿಗೆ ಬರುವುದನ್ನು ನಾವು ಬಲ್ಲೆವು. ಅಂಥ ಚೀಟಿಗಳಲ್ಲಿ 'ಕ್ರಿಯಾಟಿನಿನ್' ಎಂಬ ಪದವೂ ಇರುತ್ತದೆ. ಆ ಪದದ ಅರ್ಥ ತಿಳಿಯುವ ಹೊತ್ತಿಗೆ ಎಷ್ಟೋ ಮನೆಗಳಲ್ಲಿ ಕಾಲ ಮೀರಿರುತ್ತದೆ. ಆದುದರಿಂದ ಇಂದು ಮೂತ್ರಪಿಂಡದ ವಿಷಯವನ್ನು ಆರಿಸಿಕೊಂಡಿದ್ದೇವೆ.

ಮೂತ್ರಪಿಂಡಗಳು ಬೆನ್ನುಮೂಳೆಯ ಎರಡೂ ಬದಿಗೆ ಮುಷ್ಟಿಯಷ್ಟು ಗಾತ್ರದಲ್ಲಿವೆ. ಒಂದೊಂದರಲ್ಲಿಯೂ ನೆಫ್ರಾನ್ ಎಂಬ ಸೂಕ್ಷ್ಮ ಸೋಸುವ ಘಟಕಗಳು ಸುಮಾರು 10 ಲಕ್ಷದಷ್ಟಿವೆ. ದಿನವೊಂದಕ್ಕೆ ಅವು ಸುಮಾರು 180 ಲೀಟರ್ ದ್ರವವನ್ನು ಸೋಸಿ, ಬಹುತೇಕ ಎಲ್ಲವನ್ನೂ ದೇಹಕ್ಕೆ ಮರಳಿಸಿ, ಒಂದೆರಡು ಲೀಟರನ್ನು ಮಾತ್ರ ಮೂತ್ರವಾಗಿ ಹೊರಹಾಕುತ್ತವೆ. ಒಂದು ಕೊಡ ನೀರಿಗಾಗಿ ಟ್ಯಾಂಕರಿನ ದಾರಿ ಕಾದ ನಮ್ಮ ತಾಯಂದಿರಿಗೆ ಈ ಮಿತವ್ಯಯದ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ರಕ್ತದೊತ್ತಡವನ್ನು ಹಿಡಿತದಲ್ಲಿಡುವುದು, ರಕ್ತದ ಉತ್ಪತ್ತಿಗೆ ಪ್ರಚೋದನೆ ನೀಡುವುದು, ಎಲುಬಿಗೆ ಬಲ ಕೊಡುವುದು ಕೂಡ ಇವುಗಳದೇ ಕೆಲಸ.

ಇಂಥ ಅಂಗವು ಕೆಡುವಾಗ ನೋವು ತೋರಿಸುವುದಿಲ್ಲ. ಮುಖ ಬಾತು, ಕಾಲು ಊದಿ, ಊಟ ಸೇರದೆ ವಾಂತಿ ಬರುವ ವೇಳೆಗೆ ಅದರ ಶಕ್ತಿಯ ಬಹುಭಾಗ ಹೋಗಿರುತ್ತದೆ. ಆದರೆ ಮೂತ್ರ ಬಹಳ ಮೊದಲೇ ಸುಳಿವು ಕೊಡುತ್ತದೆ. ಲಂಡನ್ನಿನ ಗಾಯ್ಸ್ ಆಸ್ಪತ್ರೆಯ ವೈದ್ಯ ರಿಚರ್ಡ್ ಬ್ರೈಟ್ ಅವರು ರೋಗಿಯ ಮೂತ್ರವನ್ನು ಚಮಚದಲ್ಲಿ ಹಾಕಿ ಮೇಣದಬತ್ತಿಯ ಮೇಲೆ ಕಾಯಿಸಿ ನೋಡುತ್ತಿದ್ದರು. ಅದು ಮೊಟ್ಟೆಯ ಬಿಳಿಭಾಗದಂತೆ ಗಟ್ಟಿಯಾದರೆ ಆಲ್ಬುಮಿನ್ ಎಂಬ ಪ್ರೋಟೀನು ಸೋರುತ್ತಿದೆ ಎಂದು ತಿಳಿಯುತ್ತಿದ್ದರು. ಆ ರೋಗವನ್ನು ಅವರು 1827ರಲ್ಲಿ ಗ್ರಂಥರೂಪದಲ್ಲಿ ವಿವರಿಸಿದರು. ಇಂದು ಅದೇ ಕೆಲಸವನ್ನು ಒಂದು ಕಾಗದದ ಪಟ್ಟಿ ಮಾಡುತ್ತದೆ. ರಕ್ತದ ಕ್ರಿಯಾಟಿನಿನ್ ಪರೀಕ್ಷೆಯು ಸೋಸುವ ಶಕ್ತಿ ಎಷ್ಟು ಉಳಿದಿದೆ ಎಂಬುದನ್ನು ಹೇಳುತ್ತದೆ. ಎರಡೂ ಅಗ್ಗದ ಪರೀಕ್ಷೆಗಳು.

ಯಾರು ಮಾಡಿಸಿಕೊಳ್ಳಬೇಕು? ಈ ರೋಗದ ಮುಖ್ಯ ಕಾರಣಗಳು ಸಕ್ಕರೆ ಕಾಯಿಲೆ ಮತ್ತು ಅಧಿಕ ರಕ್ತದೊತ್ತಡ. 30 ವರ್ಷ ದಾಟಿದವರಿಗೆ ಇವೆರಡರ ತಪಾಸಣೆ ಸರಕಾರಿ ಆರೋಗ್ಯ ಉಪಕೇಂದ್ರಗಳ ಕಾರ್ಯಕ್ರಮದಲ್ಲಿಯೇ ಇದೆ. ಎರಡರಲ್ಲಿ ಒಂದಿದ್ದವರು ವರ್ಷಕ್ಕೊಮ್ಮೆಯಾದರೂ ಮೂತ್ರ ಮತ್ತು ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿಕೊಳ್ಳಬೇಕು. ಮೊದಲ ಹಂತದಲ್ಲಿಯೇ ತಿಳಿದರೆ ರೋಗದ ನಡೆಯನ್ನು ನಿಧಾನಗೊಳಿಸುವ ಔಷಧಗಳಿವೆ. ಸಕ್ಕರೆ ಕಾಯಿಲೆಗೆಂದೇ ಬಂದ ಒಂದು ಬಗೆಯ ಮಾತ್ರೆಗಳು ಮೂತ್ರಪಿಂಡವನ್ನೂ ಕಾಯುತ್ತವೆ ಎಂಬುದು ಈಚಿನ ವರ್ಷಗಳ ಸಂಶೋಧನೆಯಿಂದ ಸಿದ್ಧವಾಗಿದೆ.

ಇನ್ನೊಂದು ಸಂಶೋಧನೆ ನಮ್ಮ ಸೀಮೆಗೆ ಹತ್ತಿರದ್ದು. ಮಧ್ಯ ಅಮೆರಿಕದ ನಿಕರಾಗುವಾ ಮತ್ತು ಎಲ್ ಸಾಲ್ವಡೋರ್ ದೇಶಗಳಲ್ಲಿ ಸಕ್ಕರೆ ಕಾಯಿಲೆಯಾಗಲಿ ರಕ್ತದೊತ್ತಡವಾಗಲಿ ಇಲ್ಲದ ತರುಣರು, ಅದರಲ್ಲಿಯೂ ಕಬ್ಬು ಕಡಿಯುವವರು, ಮೂತ್ರಪಿಂಡ ಕೆಟ್ಟು ಸಾಯುತ್ತಿದ್ದರು. ಸುಡುಬಿಸಿಲಿನಲ್ಲಿ ಎಡೆಬಿಡದ ದುಡಿತ, ಸಾಲದ ನೀರು: ಇವು ಮುಖ್ಯ ಕಾರಣಗಳೆಂದು ಸಂಶೋಧಕರು ಎಣಿಸುತ್ತಾರೆ. ಕೀಟನಾಶಕ ಮೊದಲಾದವುಗಳ ಪಾತ್ರವೂ ಪರಿಶೀಲನೆಯಲ್ಲಿದೆ. ಆಂಧ್ರದ ಶ್ರೀಕಾಕುಳಂ ಜಿಲ್ಲೆಯ ಉದ್ದಾನಂ ಪ್ರದೇಶದ ರೈತರನ್ನೂ ಇಂಥದೇ ರೋಗ ಕಾಡುತ್ತಿದೆ. ನಿಕರಾಗುವಾದ ಕಬ್ಬಿನ ಹೊಲಗಳಲ್ಲಿ ನೀರು, ವಿಶ್ರಾಂತಿ, ನೆರಳು ಎಂಬ ಮೂರನ್ನು ನಿಯಮದಂತೆ ಒದಗಿಸಿದ ಮೇಲೆ ಮೂತ್ರಪಿಂಡದ ಹಾನಿ ತಗ್ಗಿದ್ದು ಕಂಡುಬಂದಿದೆ.

ಜತ್ತ ತಾಲೂಕಿನಿಂದ ಪ್ರತಿವರ್ಷ ಕಬ್ಬು ಕಡಿಯಲು ಹೋಗುವ ಕುಟುಂಬಗಳ ಮಕ್ಕಳು ನಮ್ಮ ತರಗತಿಗಳಲ್ಲಿ ಕುಳಿತಿದ್ದಾರೆ. ದ್ರಾಕ್ಷಿ, ದಾಳಿಂಬೆ ತೋಟಗಳಲ್ಲಿ ದುಡಿಯುವವರ ಮಕ್ಕಳೂ ಇದ್ದಾರೆ. ಆ ಪಾಲಕರಲ್ಲಿ ನಮ್ಮ ವಿನಂತಿ ಇಷ್ಟು: ಬಾಯಾರುವ ತನಕ ಕಾಯದೆ ನಡುನಡುವೆ ನೀರು ಕುಡಿಯಿರಿ. ಮಧ್ಯಾಹ್ನದ ಬಿಸಿಲಿನಲ್ಲಿ ತುಸು ಹೊತ್ತು ನೆರಳಿಗೆ ಬನ್ನಿರಿ. ಮೈಕೈ ನೋವಿಗೆಂದು ಅಂಗಡಿಯಿಂದ ನೋವಿನ ಗುಳಿಗೆ ತಂದು ದಿನವೂ ನುಂಗಬೇಡಿರಿ. ನೀರಿಲ್ಲದೆ ಬಳಲಿದ ದೇಹಕ್ಕೆ ಆ ಗುಳಿಗೆ ಸೇರಿದರೆ ಮೂತ್ರಪಿಂಡಕ್ಕೆ ಎರಡು ಪೆಟ್ಟು ಬೀಳುತ್ತದೆ.

ರೋಗ ಕೊನೆಯ ಹಂತಕ್ಕೆ ಬಂದರೂ ಬಾಳು ಮುಗಿಯಿತೆಂದಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1943ರಲ್ಲಿ, ನೆದರ್ಲ್ಯಾಂಡ್ಸಿನ ವೈದ್ಯ ವಿಲ್ಲೆಮ್ ಕೋಲ್ಫ್ ಅವರು ಸೆಲ್ಲೋಫೇನ್ ಕೊಳವೆಗಳನ್ನು ಬಳಸಿ ಡಯಾಲಿಸಿಸ್ ಯಂತ್ರ ಕಟ್ಟಿದರು. 1945ರಲ್ಲಿ ಒಬ್ಬ ವೃದ್ಧೆ ಅದರಿಂದ ಬದುಕಿ ಉಳಿದರು. 1954ರಲ್ಲಿ ಬೋಸ್ಟನ್ನಿನಲ್ಲಿ ಅವಳಿ ಸಹೋದರರ ನಡುವೆ ಮೂತ್ರಪಿಂಡ ಕಸಿ ಯಶಸ್ವಿಯಾಯಿತು. ನಮ್ಮ ದೇಶದಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ 1971ರಲ್ಲಿ ಕಸಿ ನಡೆಯಿತು. ಬಡವರಿಗೆ ಜಿಲ್ಲಾ ಆಸ್ಪತ್ರೆಗಳಲ್ಲಿ ಉಚಿತ ಡಯಾಲಿಸಿಸ್ ಒದಗಿಸುವ ರಾಷ್ಟ್ರೀಯ ಕಾರ್ಯಕ್ರಮ 2016ರಲ್ಲಿ ಆರಂಭವಾಯಿತು. ನಮ್ಮ ರಾಜ್ಯದ ಮಹಾತ್ಮಾ ಜ್ಯೋತಿಬಾ ಫುಲೆ ಜನಾರೋಗ್ಯ ಯೋಜನೆಯಲ್ಲಿಯೂ ಡಯಾಲಿಸಿಸ್ ಸೇರಿದೆ. ಇದನ್ನು ತಿಳಿಯದೆ ಹೊಲ ಮಾರುವ ಮುನ್ನ ಆಸ್ಪತ್ರೆಯಲ್ಲಿ ಯೋಜನೆಯ ಆರೋಗ್ಯಮಿತ್ರರನ್ನು ಕೇಳಿರಿ.

ಆದರೆ ಯೋಜನೆಯು ಪ್ರಯಾಣದ ದಣಿವನ್ನು ಕಳೆಯಲಾರದು. ವಾರಕ್ಕೆ ಎರಡು ಮೂರು ಸಲ, ಪ್ರತಿಸಲ ಸುಮಾರು ನಾಲ್ಕು ತಾಸು ಯಂತ್ರದ ಪಕ್ಕದಲ್ಲಿ ಮಲಗಬೇಕು. ಹಳ್ಳಿಯ ರೋಗಿಗೆ ಮಿರಜವೋ ಸಾಂಗಲಿಯೋ ವಿಜಯಪುರವೋ, ಎಲ್ಲಿಗೆ ಹೋದರೂ ಒಂದು ದಿನದ ದುಡಿಮೆ ಹೋಗುತ್ತದೆ. ಜೊತೆಗೆ ಹೋದವರದೂ ಹೋಗುತ್ತದೆ. ಇಲ್ಲಿಯೇ ಊರಿನ ಆರೈಕೆ ಬೇಕು. ಸೂಜಿ ಚುಚ್ಚುವ ಫಿಸ್ಟುಲಾ ಇರುವ ಕೈಯಿಂದ ರೋಗಿಯು ಭಾರ ಎತ್ತಬಾರದು. ಆ ಕೈಯಲ್ಲಿ ಬಿಪಿ ನೋಡಿಸಬಾರದು. ದುಡಿಯುವವನಿಗೆ ಹೆಚ್ಚು ನೀರು ಹಿತವಾದರೆ, ಡಯಾಲಿಸಿಸ್ ರೋಗಿಗೆ ವೈದ್ಯರು ಹೇಳಿದಷ್ಟೇ ನೀರು. ನೋಡಲು ಹೋದವರು ಪ್ರೀತಿಯಿಂದ ಒಯ್ಯುವ ಎಳನೀರು, ಬಾಳೆಹಣ್ಣು, ನಮ್ಮ ಸೀಮೆಯ ಒಣದ್ರಾಕ್ಷಿಗಳಲ್ಲಿ ಪೊಟ್ಯಾಸಿಯಂ ಹೆಚ್ಚು. ಅದು ರಕ್ತದಲ್ಲಿ ಏರಿದರೆ ಹೃದಯದ ಬಡಿತವೇ ನಿಲ್ಲಬಹುದು. ಹಣ್ಣಿನ ಬದಲು ಒಂದು ದಿನ ಜೊತೆಗೆ ಹೋಗಿಬನ್ನಿರಿ. ಅದು ದೊಡ್ಡ ಉಪಕಾರ.

ತಾಯಂದಿರಿಗಾಗಿ ಒಂದು ಮಾತು. ನಮ್ಮ ದೇಶದಲ್ಲಿ ಜೀವಂತವಿರುವಾಗಲೇ ಮೂತ್ರಪಿಂಡ ಕೊಡುವವರಲ್ಲಿ ಹೆಚ್ಚಿನವರು ತಾಯಿ, ಹೆಂಡತಿ, ಅಕ್ಕತಂಗಿಯರು. ಅಂಗಾಂಗ ಕಸಿ ಪಡೆಯುವವರಲ್ಲಿ ಹೆಚ್ಚಿನವರು ಪುರುಷರು. ಆ ತ್ಯಾಗಕ್ಕೆ ನಾವು ತಲೆಬಾಗುತ್ತೇವೆ. ಆದರೆ ಕೊಡುವಾಗ ಮುಂದೆ ಬರುವ ಹೆಣ್ಣು ತನಗೆ ರೋಗ ಬಂದಾಗ ಹಿಂದೆ ಉಳಿಯುವುದು ನ್ಯಾಯವಲ್ಲ. ಮನೆಯಲ್ಲಿ ಗಂಡಸರ ಬಿಪಿ ನೋಡಿಸಿದ ದಿನವೇ ಹೆಂಗಸರದೂ ನೋಡಿಸಿರಿ.

ಶಾಲೆಯ ಹೊಣೆಯನ್ನೂ ಹೇಳಿಬಿಡುತ್ತೇವೆ. ಶೌಚಾಲಯಕ್ಕೆ ಹೋಗಲು ಅಂಜಿ ದಿನವಿಡೀ ನೀರು ಕುಡಿಯದ ಹೆಣ್ಣುಮಕ್ಕಳು ಎಲ್ಲ ಊರುಗಳಲ್ಲಿಯೂ ಇದ್ದಾರೆ. ಮೂತ್ರ ತಡೆಯುವುದರಿಂದ ಸೋಂಕು ತಗಲುತ್ತದೆ; ಅದು ಮೇಲೇರಿದರೆ ಮೂತ್ರಪಿಂಡಕ್ಕೂ ಅಪಾಯ. ಕೇರಳದ ಶಾಲೆಗಳಲ್ಲಿ 2019ರಲ್ಲಿ ನೀರು ಕುಡಿಯಲೆಂದೇ ಗಂಟೆ ಹೊಡೆಯುವ ಪದ್ಧತಿ ಬಂತು. ನಾವೂ ಆ ಗಂಟೆ ಹೊಡೆಯೋಣ. ಅದರೊಡನೆ ಹೆಣ್ಣುಮಕ್ಕಳ ಶೌಚಾಲಯದಲ್ಲಿ ಬೇಸಿಗೆಯಲ್ಲಿಯೂ ನೀರಿರುವಂತೆ ನೋಡಿಕೊಳ್ಳೋಣ. ಇದಕ್ಕೆ ಹಳೆಯ ವಿದ್ಯಾರ್ಥಿಗಳ ನೆರವನ್ನು ಬೇಡುತ್ತೇವೆ.

ಮಕ್ಕಳೇ, ನಿಮಗೊಂದು ಮನೆಗೆಲಸ. ಇಂದು ಸಂಜೆ ಅಜ್ಜ, ಅಜ್ಜಿ, ಅಪ್ಪ, ಅವ್ವ ಇವರಲ್ಲಿ ಯಾರಿಗೆ ಬಿಪಿ, ಸಕ್ಕರೆ ಇದೆ, ಕೊನೆಯ ಪರೀಕ್ಷೆ ಎಂದು ಆಯಿತು ಎಂದು ಕೇಳಿ ಕನ್ನಡದಲ್ಲಿ ಬರೆದಿಡಿರಿ. ಆ ಹಾಳೆಯನ್ನು ಮುಂದಿನ ಸಲ ಆಶಾ ಕಾರ್ಯಕರ್ತೆಗೆ ತೋರಿಸಿರಿ. ನೂರು ವರ್ಷ ಈ ಊರಿಗೆ ಓದು ಬರಹ ಕಲಿಸಿದ ಶಾಲೆಗೆ ನೀವು ಕೊಡಬಹುದಾದ ಒಳ್ಳೆಯ ಕಾಣಿಕೆ ಅದು.