ಋಣವೋ, ದಾನವೋ?



ಪೆಸಿಫಿಕ್ ಸಾಗರದಲ್ಲಿ ವನುವಾಟು ಎಂಬ ಪುಟ್ಟ ದ್ವೀಪರಾಷ್ಟ್ರವಿದೆ. ಜನಸಂಖ್ಯೆ ಮೂರು ಲಕ್ಷದ ಆಸುಪಾಸು. ಭೂಮಿಯ ತಾಪ ಏರುವುದರಲ್ಲಿ ಆ ನಾಡಿನ ಪಾಲು ತೀರ ಅಲ್ಪ; ಏರುವ ಕಡಲಿನ, ಚಂಡಮಾರುತದ ಪೆಟ್ಟು ಮಾತ್ರ ಅದಕ್ಕೆ ಅಪಾರ. ಕಡಲು ನುಂಗುವ ನೆಲಕ್ಕಾಗಿ ಸಿರಿವಂತ ರಾಷ್ಟ್ರಗಳು ಹಣ ಹಾಕಿ ವಿಮಾನಿಧಿಯೊಂದನ್ನು ಸ್ಥಾಪಿಸಬೇಕೆಂದು, ಸಣ್ಣ ದ್ವೀಪರಾಷ್ಟ್ರಗಳ ಒಕ್ಕೂಟದ ಪರವಾಗಿ ವನುವಾಟು 1991ರಲ್ಲಿಯೇ ಕೇಳಿತ್ತು. ಆ ನಿಧಿ ಹುಟ್ಟಲಿಲ್ಲ. ನಷ್ಟ ಮತ್ತು ಹಾನಿಗೆ ಪ್ರತ್ಯೇಕ ನಿಧಿ ಬೇಕೆಂದು ಜಗತ್ತು ಒಪ್ಪಿದ್ದು 2022ರಲ್ಲಿ, ಈಜಿಪ್ಟಿನ ಶರ್ಮ್ ಎಲ್ ಶೇಖ್ ಸಮ್ಮೇಳನದಲ್ಲಿ. ನಡುವೆ 31 ವರ್ಷ ಸಂದವು.

ಈ ವಿಳಂಬದ ಒಂದು ಬೇರು ಸಮ್ಮೇಳನಗಳ ರಚನೆಯಲ್ಲಿಯೇ ಇದೆ. 1992ರ ಹವಾಮಾನ ಒಡಂಬಡಿಕೆಯ ಸದಸ್ಯ ರಾಷ್ಟ್ರಗಳು ಮತದಾನದ ನಿಯಮವನ್ನು ಎಂದೂ ಅಂಗೀಕರಿಸಲಿಲ್ಲ. ಆದ್ದರಿಂದ ಮುಖ್ಯ ನಿರ್ಣಯಗಳಿಗೆ ಸಹಮತವೇ ಬೇಕು. ಊರಿನ ಕೆರೆಯ ಹೂಳೆತ್ತಲು, ಅತಿ ಹೆಚ್ಚು ನೀರು ಬಳಸುವವನು ಒಪ್ಪುವವರೆಗೂ ಕಾಯಬೇಕೆಂದರೆ ಕೆಲಸ ಸಾಗೀತೆ? 2015ರ ಪ್ಯಾರಿಸ್ ಒಪ್ಪಂದವಂತೂ ಅನಿಲ ಕಡಿತದ ಗುರಿಯನ್ನು ಆಯಾ ರಾಷ್ಟ್ರದ ಇಚ್ಛೆಗೇ ಬಿಟ್ಟಿತು. ಅಮೆರಿಕ ಅದರಿಂದ 2020ರಲ್ಲಿ ಹೊರನಡೆಯಿತು, 2021ರಲ್ಲಿ ಮರಳಿತು, 2026ರ ಜನವರಿಯಲ್ಲಿ ಮತ್ತೆ ಹೊರಬಿತ್ತು.

2019ರಲ್ಲಿ, ವನುವಾಟುವಿನ ರಾಜಧಾನಿ ಪೋರ್ಟ್ ವಿಲಾದಲ್ಲಿ, ದಕ್ಷಿಣ ಪೆಸಿಫಿಕ್ ವಿಶ್ವವಿದ್ಯಾಲಯದ 27 ಮಂದಿ ಕಾನೂನು ವಿದ್ಯಾರ್ಥಿಗಳು ಬೇರೆ ದಾರಿ ಹುಡುಕಿದರು. ಹವಾಮಾನವನ್ನು ಕಾಪಾಡುವ ಹೊಣೆ ರಾಷ್ಟ್ರಗಳಿಗೆ ಕಾನೂನಿನಂತೆ ಎಷ್ಟಿದೆ ಎಂದು ಅಂತಾರಾಷ್ಟ್ರೀಯ ನ್ಯಾಯಾಲಯವನ್ನೇ ಕೇಳಬೇಕೆಂಬುದು ಅವರ ವಿಚಾರ. ಅವರ ಸರ್ಕಾರ ಆ ಪ್ರಶ್ನೆಯನ್ನು ವಿಶ್ವಸಂಸ್ಥೆಗೆ ಒಯ್ದಿತು. 2023ರ ಮಾರ್ಚ್ 29ರಂದು ಮಹಾಸಭೆ ಅದನ್ನು ಹೇಗ್ ನಗರದ ನ್ಯಾಯಪೀಠಕ್ಕೆ ಒಪ್ಪಿಸಿತು.

2025ರ ಜುಲೈ 23ರಂದು ನ್ಯಾಯಾಲಯ ಸರ್ವಾನುಮತದಿಂದ ಉತ್ತರಿಸಿತು. ಹವಾಮಾನವನ್ನು ಕಾಪಾಡುವುದು ಕಾನೂನಿನ ಕರ್ತವ್ಯ. ಒಪ್ಪಂದಗಳಾಚೆಗೂ ಆ ಕರ್ತವ್ಯವಿದೆ. ಕರ್ತವ್ಯಲೋಪದಿಂದ ಹಾನಿಯಾಯಿತೆಂದು ಸಿದ್ಧವಾದರೆ ಪರಿಹಾರ ತೆರಬೇಕಾದೀತು.

ಇದು ಸಲಹಾ ಅಭಿಪ್ರಾಯ. ಬಲವಂತದಿಂದ ಜಾರಿಗೆ ತರುವ ಅಧಿಕಾರ ಇದಕ್ಕಿಲ್ಲ. ಆದರೂ ಮಾತಿನ ನೆಲೆ ಬದಲಾಗಿದೆ. ದಾನ ಕೊಡುವವನ ಮನಸ್ಸಿಗೆ ಬಿಟ್ಟದ್ದು, ಋಣ ತೀರಿಸಲೇಬೇಕಾದದ್ದು. ಈವರೆಗೆ ದಾನವೆನಿಸಿಕೊಂಡದ್ದನ್ನು ಇನ್ನು ಋಣವೆಂದು ಕೇಳಲು ಬಡರಾಷ್ಟ್ರಗಳಿಗೆ ಆಧಾರ ದೊರೆತಿದೆ.

2024ರ ಡಿಸೆಂಬರಿನ ವಿಚಾರಣೆಯಲ್ಲಿ ಭಾರತವು, ಹಿಂದಿನಿಂದ ಹೆಚ್ಚು ಅನಿಲ ಸೂಸಿದವರದೇ ಹೆಚ್ಚಿನ ಹೊಣೆ ಎಂದು ವಾದಿಸಿತು. ಈಗಿರುವ ಒಪ್ಪಂದಗಳನ್ನು ಮೀರಿ ಹೊಸ ಹೊಣೆ ಹೊರಿಸಬಾರದೆಂದೂ ಹೇಳಿತು. ಮೊದಲನೆಯ ಮಾತು ನ್ಯಾಯವಾದದ್ದು. ಆದರೆ ಅದೇ ಅಳತೆ ದೇಶದ ಒಳಗೂ ಸಲ್ಲಬೇಕಲ್ಲವೆ? ಹೆಚ್ಚು ಉರಿಸುವವರು ಯಾರು, ಗುಡ್ಡ ಜರಿದಾಗ ಮನೆ ಕಳೆದುಕೊಳ್ಳುವವರು ಯಾರು? ತರಗತಿಯೊಂದರಲ್ಲಿ ಹುಟ್ಟಿದ ಪ್ರಶ್ನೆ ಆರು ವರ್ಷಗಳಲ್ಲಿ ಹೇಗ್‌ನಲ್ಲಿ ಉತ್ತರ ಪಡೆಯಿತು. ಈ ಪ್ರಶ್ನೆಯನ್ನು ಮಲೆನಾಡಿನ ತರಗತಿಗಳಲ್ಲಿ, ಗ್ರಾಮಸಭೆಗಳಲ್ಲಿ ಕೇಳಲು ಯಾರ ಸಹಮತವೂ ಬೇಕಿಲ್ಲ.