ಗಾಡಿಯ ಟಾಕಿಯಲ್ಲಿ ಏನು, ಯಾರ ಖರ್ಚಿನಲ್ಲಿ?

(ಕೊಲ್ಹಾರದಲ್ಲಿ ಗಿರಣಿ ಕೆಲಸಗಾರರ ಮತ್ತು ಸಣ್ಣ ವ್ಯಾಪಾರಸ್ಥರ ಸಭೆಯಲ್ಲಿ ಮಾಡಿದ ಭಾಷಣ)



ಪೆಟ್ರೋಲು ಎಂದು ಬೋರ್ಡು ಹಚ್ಚಿದ ಪಂಪಿನಲ್ಲಿ ಇಂದು ನಾವು ಕೊಳ್ಳುವದು ಪೂರ್ತಿ ಪೆಟ್ರೋಲಲ್ಲ. ಐದು ಪಾಲಿನಲ್ಲಿ ಒಂದು ಪಾಲು ಎಥೆನಾಲ್, ಅಂದರೆ ಮದ್ಯಸಾರ. ನೂರಕ್ಕೆ 20ರಷ್ಟು ಬೆರೆಸುವ ಗುರಿಯನ್ನು ಸರಕಾರವು ಮೊದಲು 2030ಕ್ಕೆ ಇಟ್ಟಿತ್ತು. ಅವಸರ ಮಾಡಿ 2025ರಲ್ಲಿಯೇ ಮುಟ್ಟಿತು. ಇದರಿಂದ ಯಾರಿಗೆ ಲಾಭ, ಯಾರಿಗೆ ಲುಕ್ಸಾನು ಎಂಬುದನ್ನು ನಾವು ನಾವೇ ಕೂತು ಲೆಕ್ಕ ಹಾಕಬೇಕಾಗಿದೆ, ಯಾಕಂದರೆ ನಮ್ಮನ್ನು ಯಾರೂ ಕೇಳಲಿಲ್ಲ.

ಬದಲಿ ಇಂಧನವೆಂಬುದು ಹೊಸ ಮಾತಲ್ಲ. ಎರಡನೆಯ ಮಹಾಯುದ್ಧದಲ್ಲಿ ಪೆಟ್ರೋಲಿಗೆ ರೇಷನ್ ಬಂದಾಗ ಬಸ್ಸಿನ ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿ, ಅದರ ಗ್ಯಾಸಿನಿಂದ ಇಂಜಿನ್ನು ಓಡಿಸಿದರು. ಏರು ಬಂದರೆ ಪ್ರಯಾಣಿಕರು ಇಳಿದು ನೂಕುತ್ತಿದ್ದರೆಂದು ಹಿರಿಯರು ಹೇಳುತ್ತಿದ್ದರು. ಬಸ್ಸೇನೋ ನಡೆಯಿತು, ಆದರೆ ಇದ್ದಿಲಿಗಾಗಿ ಗಿಡಗಳು ಉರುಳಿದವು. ಪೆಟ್ರೋಲಿನಲ್ಲಿ ಮದ್ಯಸಾರ ಬೆರೆಸಲಿಕ್ಕೆ 1948ರಲ್ಲಿಯೇ ಕಾಯದೆ ಆಗಿತ್ತು. ಆದ್ದರಿಂದ ಯಾರಾದರೂ ಇದನ್ನು ನಿನ್ನೆ ಹುಟ್ಟಿದ ಪವಾಡವೆಂದು ಸಾರಿದರೆ ನಾವು ನಂಬಬೇಕಾಗಿಲ್ಲ. ಪೂರಾ ಮೋಸವೆಂದು ಕೂಗುವವರನ್ನೂ ನಂಬಬೇಕಾಗಿಲ್ಲ.

ಒಳ್ಳೆಯದನ್ನು ಮೊದಲು ಹೇಳೋಣ. ನಮ್ಮ ದೇಶಕ್ಕೆ ಬೇಕಾದ ಕಚ್ಚಾ ತೈಲದಲ್ಲಿ ನೂರಕ್ಕೆ 85ಕ್ಕಿಂತ ಹೆಚ್ಚು ಹೊರಗಿನಿಂದ ಬರುತ್ತದೆ. ಅರಬ್ ಸಮುದ್ರದ ಆಚೆ ಗುಂಡು ಹಾರಿದರೆ ಇಲ್ಲಿ ಟಂಟಂ ಬಾಡಿಗೆ ಏರುತ್ತದೆ. ಆ ಹಣದಲ್ಲಿ ಒಂದಿಷ್ಟು ನಮ್ಮ ಹೊಲಕ್ಕೆ ಬಂದರೆ ಬೇಡವೆನ್ನುವವರು ಯಾರು? ಕಾಕಂಬಿಯಿಂದ ಎಥೆನಾಲ್ ಮಾಡಿದರೆ ಸಕ್ಕರೆ ತೆಗೆದ ಮೇಲೆ ಉಳಿದದ್ದೇ ಬಳಕೆಗೆ ಬಂತು. ಇಂಜಿನ್ನಿನ ಹೊಗೆಯೂ ಕೊಂಚ ತಿಳಿಯಾಗುತ್ತದೆ.

ಆದರೆ ಎಥೆನಾಲಿನಲ್ಲಿರುವ ಕಸುವು ಪೆಟ್ರೋಲಿನ ಮೂರರಲ್ಲಿ ಎರಡು ಪಾಲು ಮಾತ್ರ. ಹಳೆಯ ಪೆಟ್ರೋಲಿಗೆಂದು ಮಾಡಿದ ನಾಲ್ಕು ಗಾಲಿಯ ಗಾಡಿಗಳಲ್ಲಿ ಮೈಲೇಜು ನೂರಕ್ಕೆ 6-7, ಎರಡು ಗಾಲಿಯವುಗಳಲ್ಲಿ 3-4 ಇಳಿಯುತ್ತದೆಂದು ನೀತಿ ಆಯೋಗದ 2021ರ ವರದಿಯೇ ಹೇಳಿದೆ. 100 ರೂಪಾಯಿಗೆ ಹೋಗುತ್ತಿದ್ದ ದೂರಕ್ಕೆ ಹಳೆಯ ವ್ಯಾನಿನವನು ಸುಮಾರು 107 ಹಾಕಬೇಕು. ಅದರ ಮೇಲೆ ಎಥೆನಾಲ್ ನೀರನ್ನು ಹೀರುವ ಜಾತಿಯದು. ಹಳೆಯ ಗಾಡಿಯ ರಬ್ಬರು ನಳಿಗೆ, ವಾಯಸರುಗಳನ್ನು ತಿನ್ನುತ್ತದೆ. ಹೊಸ ಗಾಡಿ ಕೊಳ್ಳುವ ಶಕ್ತಿಯುಳ್ಳವನಿಗೆ ಈ ತೊಂದರೆಯಿಲ್ಲ. ಮೊಸರಿನ ಗಡಿಗೆ ಕಟ್ಟಿಕೊಂಡು ಹಳೆಯ ಗಾಡಿಯ ಮೇಲೆ ಸಂತೆಗೆ ಹೋಗುವವನಿಗೇ ತೊಂದರೆ. ಮಿಶ್ರಣವಿಲ್ಲದ ಪೆಟ್ರೋಲನ್ನು ಆರಿಸಿಕೊಳ್ಳುವ ಹಕ್ಕು ಬೇಕೆಂದು ಸಲ್ಲಿಸಿದ ಅರ್ಜಿಯನ್ನು ಸುಪ್ರೀಂ ಕೋರ್ಟು 2025ರ ಸಪ್ಟಂಬರದಲ್ಲಿ ತಳ್ಳಿಹಾಕಿತು.

ಕಬ್ಬಿನ ಲೆಕ್ಕವನ್ನೂ ನೋಡಿರಿ. ಒಂದು ಟನ್ನು ಕಬ್ಬಿನ ಹಾಲಿನಿಂದ ಸುಮಾರು 70 ಲೀಟರ್ ಎಥೆನಾಲ್ ಬರುತ್ತದೆ. 2024-25ರಲ್ಲಿ ಇದಕ್ಕೆ ಗೊತ್ತುಮಾಡಿದ ದರ ಲೀಟರಿಗೆ 65 ರೂಪಾಯಿ 61 ಪೈಸೆ. ಗುಣಿಸಿದರೆ 4,592 ರೂಪಾಯಿ. ಸಿಪ್ಪೆಯಿಂದ ಹುಟ್ಟುವ ಕರೆಂಟು ಬೇರೆ. ಕಾರಖಾನೆಗೆ ಖರ್ಚಿದೆ, ಸಾಲವಿದೆ, ಒಪ್ಪುತ್ತೇವೆ. ಆದರೆ 2025ರ ನವೆಂಬರದಲ್ಲಿ ಗುರ್ಲಾಪುರದಲ್ಲಿ ರೈತರು ಟನ್ನಿಗೆ 3,500 ಕೇಳಿ ರಸ್ತೆಯ ಮೇಲೆ ಹಗಲು ರಾತ್ರಿ ಕೂತ ಮೇಲೆಯೇ 3,300ಕ್ಕೆ ಮಾತು ನಿಂತಿತು. ಎಥೆನಾಲಿನ ದರ ದಿಲ್ಲಿಯ ಕಾಗದದ ಮೇಲೆ ಗೊತ್ತಾಗುತ್ತದೆ. ಕಬ್ಬಿನ ದರಕ್ಕೆ ರಸ್ತೆ ತಡೆಯಬೇಕು. ಇನ್ನು ನೀರು. ಕಬ್ಬಿನಿಂದ ಒಂದು ಲೀಟರ್ ಎಥೆನಾಲ್ ಬರಲು ಸುಮಾರು 2,860 ಲೀಟರ್ ನೀರು ಬೇಕೆಂದು ಅದೇ ನೀತಿ ಆಯೋಗದ ಲೆಕ್ಕ. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಊರನ್ನು ಬಿಟ್ಟುಕೊಟ್ಟ ಕೊಲ್ಹಾರದ ಜನರಿಗೆ ನೀರಿನ ಬೆಲೆಯನ್ನು ನಾವು ಹೇಳಿಕೊಡಬೇಕಾಗಿಲ್ಲ.

ಅನ್ನದ ಮಾತು ಇದಕ್ಕಿಂತ ಗಂಭೀರವಾದದ್ದು. 2023ರಲ್ಲಿ ಕರ್ನಾಟಕವು ಅನ್ನಭಾಗ್ಯಕ್ಕೆ ಕಿಲೋಕ್ಕೆ 34 ರೂಪಾಯಿ ಕೊಡುತ್ತೇವೆ, ಅಕ್ಕಿ ಕೊಡಿರೆಂದು ಕೇಳಿತು. ಕೇಂದ್ರವು ಇಲ್ಲವೆಂದಿತು. ಹೆಚ್ಚಿನ 5 ಕಿಲೋ ಅಕ್ಕಿಗೆ ಬದಲು ತಲೆಗೆ 170 ರೂಪಾಯಿ ಹಂಚಬೇಕಾಯಿತು. 2025ರ ಜನವರಿಯಲ್ಲಿ ಆಹಾರ ನಿಗಮದ ಅಕ್ಕಿಯನ್ನು ಎಥೆನಾಲ್ ಭಟ್ಟಿಗಳಿಗೆ ಕಿಲೋಕ್ಕೆ 22 ರೂಪಾಯಿ 50 ಪೈಸೆಯಂತೆ ಕೊಡಲು ಅಪ್ಪಣೆಯಾಯಿತು. ರಾಜ್ಯಗಳಿಗೂ ಆಗ ಅದೇ ದರ ಮಾಡಿದರೆಂಬುದನ್ನು ನ್ಯಾಯಕ್ಕಾಗಿ ಹೇಳಲೇಬೇಕು. ಆದರೂ ನಾವು ಕೇಳುತ್ತೇವೆ: ಹೊಟ್ಟೆಯೂ ಮೋಟಾರೂ ಒಂದೇ ಪಾಳಿಯಲ್ಲಿ, ಒಂದೇ ದರದಲ್ಲಿ ನಿಲ್ಲುವದು ಯಾವ ನೀತಿ? ಗೋವಿನಜೋಳದ ಕತೆಯೂ ಇದೇ. ಅದರ ಎಥೆನಾಲಿಗೆ ಲೀಟರಿಗೆ 71 ರೂಪಾಯಿ 86 ಪೈಸೆ ಕೊಟ್ಟದ್ದರಿಂದ ಬೆಳೆಗಾರನಿಗೆ ಗಿರಾಕಿ ಸಿಕ್ಕನು, ಕೋಳಿ ಸಾಕುವವನಿಗೆ ಮೇವು ತುಟ್ಟಿಯಾಯಿತು.

ಹಾಗಾದರೆ ಕರೆಂಟಿನ ಗಾಡಿಯೇ ಮೇಲೆನ್ನುವವರಿದ್ದಾರೆ. ಓಡಿಸುವ ಖರ್ಚು ನಿಜವಾಗಿಯೂ ಕಡಿಮೆ. ಓಣಿಯಲ್ಲಿ ಹೊಗೆಯಿಲ್ಲ, ಸದ್ದಿಲ್ಲ. ದಿನಕ್ಕೆ ಗೊತ್ತಾದ ದೂರ ಓಡುವ ತರಕಾರಿ ಗಾಡಿಗೆ, ಹಾಲಿನ ಗಾಡಿಗೆ ಇದು ಒಪ್ಪುವಂಥದು. ಆದರೆ ಬ್ಯಾಟರಿ ಸೋತರೆ ಊರ ಮಿಸ್ತ್ರಿಯ ಕೈಯಲ್ಲಿ ರಿಪೇರಿಯಾಗುವದಿಲ್ಲ, ಹೊಸದರ ಬೆಲೆ ಗಾಡಿಯ ಬೆಲೆಯ ದೊಡ್ಡ ಪಾಲು. ಮತ್ತು ಆ ಕರೆಂಟು ಎಲ್ಲಿಂದ ಬರುತ್ತದೆ? ನಮ್ಮ ಮಗ್ಗುಲಿನ ಕೂಡಗಿಯಲ್ಲಿ 800 ಮೆಗಾವಾಟಿನ ಮೂರು ಘಟಕಗಳು ಕಲ್ಲಿದ್ದಲನ್ನು ಸುಡುತ್ತಿವೆ, ನೀರು ಆಲಮಟ್ಟಿಯದು. ಆ ಸ್ಥಾವರವನ್ನು ವಿರೋಧಿಸಿದ ರೈತರ ಮೇಲೆ 2014ರ ಜುಲೈದಲ್ಲಿ ಗೋಳೀಬಾರು ಆದದ್ದನ್ನು ಈ ಭಾಗ ಮರೆತಿಲ್ಲ. ಬೆಂಗಳೂರಿನ ಮೋಟಾರು ಹೊಗೆ ಬಿಡದೆ ಓಡಲಿ, ಸಂತೋಷ. ಅದರ ಬೂದಿ ನಮ್ಮ ಹೊಲದ ಕಡೆಗೆ ಉಳಿಯುತ್ತದೆಂಬುದನ್ನು ಲೆಕ್ಕದ ಪುಸ್ತಕದಲ್ಲಿ ಬರೆಯಬೇಕು. ಬಿಸಿಲಿಗೆ ಬರವಿಲ್ಲದ ಈ ಜಿಲ್ಲೆಯಲ್ಲಿ ಹಗಲಿನ ಸೌರ ವಿದ್ಯುತ್ತಿನಿಂದಲೇ ಚಾರ್ಜ್ ಮಾಡುವ ಏರ್ಪಾಡಾದರೆ ಈ ದೂರು ಬಹಳಷ್ಟು ಇಳಿದೀತು.

ಸಿ.ಎನ್.ಜಿ.ಯ ಬಗ್ಗೆ ಹೆಚ್ಚು ಹೇಳುವದಿಲ್ಲ. ಆಟೋದವರಿಗೆ ಇಂದು ಸೋವಿಯಾಗಿದೆ, ಹೊಗೆಯೂ ಕಡಿಮೆ. ಅದೂ ನೆಲದೊಳಗಿನ ಗ್ಯಾಸೇ, ಸುಮಾರು ಅರ್ಧ ಹೊರದೇಶದ್ದೇ.

ನಮ್ಮ ಜನರಲ್ಲಿ ಬಹಳ ಮಂದಿ ಮೋಟಾರಿನ ಮಾಲೀಕರಲ್ಲ, ಬಸ್ಸಿನಲ್ಲಿ ನಿಂತು ಹೋಗುವವರು. ತುಂಬಿದ ಒಂದು ಬಸ್ಸು ನಾಲ್ವತ್ತು ಗಾಡಿಗಳ ಪೆಟ್ರೋಲು ಉಳಿಸುತ್ತದೆ. ಡೀಜಲ್ಲಿನ ಬಸ್ಸಾದರೂ ಸರಿಯೇ. 2023ರ ಜೂನದಿಂದ ಹೆಣ್ಣುಮಕ್ಕಳಿಗೆ ಟಿಕೀಟಿಲ್ಲದ್ದರಿಂದ ಬಸ್ಸುಗಳು ಕಿಕ್ಕಿರಿದವು; 2025ರ ಜನವರಿಯಲ್ಲಿ ಉಳಿದವರ ದರ ನೂರಕ್ಕೆ 15 ಏರಿತು. ವಿದ್ಯುತ್ ಬಸ್ಸುಗಳು ಬೆಂಗಳೂರಿಗೆ 2021ರಲ್ಲಿ ಬಂದವು. ಅಲ್ಲಿ ಬಸ್ಸು ಕಂಪನಿಯದು, ಡ್ರೈವರನು ಕಂಪನಿಯ ಆಳು. ಸಾರಿಗೆ ಸಂಸ್ಥೆ ಓಡಿದ ಕಿಲೋಮೀಟರಿಗೆ ಇಷ್ಟೆಂದು ಹಣ ಕಟ್ಟುತ್ತದೆ. ಹೊಸ ಇಂಧನದ ಹೆಸರಿನಲ್ಲಿ ಕಾಯಂ ನೌಕರಿ ಹಿಂದಿನ ಬಾಗಿಲಿನಿಂದ ಹೊರಟುಹೋಯಿತು. ಗಿರಣಿಗಳಲ್ಲಿ ಗುತ್ತಿಗೆಯ ಪದ್ಧತಿಯನ್ನು ಉಂಡವರಿಗೆ ಇದರ ರುಚಿ ಗೊತ್ತಿದೆ.

ಆದ್ದರಿಂದ ನಾವು ಬೇಡುವದು ಮೂರು. ಪಂಪಿನ ಮೇಲೆ ಎಥೆನಾಲಿನ ಪ್ರಮಾಣವನ್ನು ಕನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ ಬರೆಯಬೇಕು, ಹಳೆಯ ಗಾಡಿಗಳಿಗಾಗಿ ಕಡಿಮೆ ಮಿಶ್ರಣದ ಪೆಟ್ರೋಲನ್ನು ಸಾದಾ ದರದಲ್ಲಿ ಇಡಬೇಕು. ರೇಷನ್ನಿನ ಅಕ್ಕಿ ತುಂಬುವವರೆಗೆ ಭಟ್ಟಿಗೆ ಅಕ್ಕಿ ಹೋಗಬಾರದು. ಕಲ್ಯಾಣ ಕರ್ನಾಟಕ ಸಾರಿಗೆಯ ವಿಜಯಪುರ ವಿಭಾಗಕ್ಕೆ ಬರುವ ವಿದ್ಯುತ್ ಬಸ್ಸು ಸಂಸ್ಥೆಯ ಸ್ವಂತದ್ದಾಗಿರಬೇಕು, ಓಡಿಸುವವನು ಸಂಸ್ಥೆಯ ನೌಕರನಾಗಿರಬೇಕು. ಮನವಿಯ ಕರಡನ್ನು ಬರೆದು ತಂದಿದ್ದೇವೆ. ಓದಿ, ತಪ್ಪಿದ್ದಲ್ಲಿ ತಿದ್ದಿ, ಸಹಿ ಮಾಡಿರಿ. ತಹಸೀಲದಾರರ ಕಚೇರಿಗೆ ಒಯ್ಯಲು ಸೋಮವಾರ ನಾಲ್ಕು ಜನ ಬೇಕಾಗಿದ್ದಾರೆ.