ರದ್ದಿ ಬೇಲಿನ ತಂತಿ ಮತ್ತು ಅದನ್ನು ಕತ್ತರಿಸುವ ಕೈ

(ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಪಠ್ಯ)

ಮಲೆನಾಡಿಗೂ ಕಾಗದಕ್ಕೂ ಇರುವ ನಂಟು ಹಳೆಯದು. 1936ರಲ್ಲಿ ಭದ್ರಾವತಿಯಲ್ಲಿ ಮೈಸೂರು ಕಾಗದ ಕಾರ್ಖಾನೆ ಸ್ಥಾಪನೆಯಾಯಿತು. 1950ರ ದಶಕದ ಕೊನೆಯ ಹೊತ್ತಿಗೆ ದಾಂಡೇಲಿಯಲ್ಲಿಯೂ ಕಾಗದದ ಉತ್ಪಾದನೆ ಆರಂಭಗೊಂಡಿತು. ಆ ಬಳಿಕ ಉತ್ತರ ಕನ್ನಡದ ಬಿದಿರು ಮೆಳೆಗಳು ಲಾರಿಗಳಲ್ಲಿ ಗಿರಣಿಯತ್ತ ಸಾಗಿದ್ದನ್ನು ಹಿರಿಯರು ಕಂಡಿದ್ದಾರೆ. ಬಿದಿರು ಕ್ಷೀಣಿಸಿದಂತೆ ನೀಲಗಿರಿ, ಅಕೇಶಿಯಾ ನೆಡುತೋಪುಗಳು ಗುಡ್ಡಗಳನ್ನು ಏರಿದವು. ತಿರುಳುಮರಕ್ಕಾಗಿ ಊರೊಟ್ಟಿನ ಭೂಮಿಯನ್ನು ಬಿಟ್ಟುಕೊಟ್ಟದ್ದನ್ನು ವಿರೋಧಿಸಿ 1987ರಲ್ಲಿ ಕುಸನೂರಿನಲ್ಲಿ 'ಕಿತ್ತಿಕೋ–ಹಚ್ಚಿಕೋ' ಸತ್ಯಾಗ್ರಹ ನಡೆಯಿತು. ಇಷ್ಟೆಲ್ಲ ಅನುಭವಿಸಿದ ನಾಡಿಗೆ ರದ್ದಿಯಿಂದ ಕಾಗದ ತಯಾರಿಸುವ ವಿದ್ಯೆ ಆಶಾದಾಯಕವಾಗಿ ತೋರುವುದು ಸಹಜ. ಬಳಸಿದ ಕಾಗದ ಮರಳಿ ಕಾಗದವಾದಷ್ಟೂ ಕಾಡಿನ ಮೇಲಿನ ಹೊರೆ ಇಳಿಯುತ್ತದೆ.

ಈ ವಿದ್ಯೆ ಹೊಸದಲ್ಲ. ಮುದ್ರಿತ ಕಾಗದದ ಮಸಿ ತೆಗೆದು ಹೊಸ ಕಾಗದ ಮಾಡುವ ವಿಧಾನಕ್ಕೆ 1800ರಲ್ಲೇ ಇಂಗ್ಲೆಂಡಿನಲ್ಲಿ ಮಥಾಯಸ್ ಕೂಪ್ಸ್ ಎಂಬಾತ ಪೇಟೆಂಟ್ ಪಡೆದಿದ್ದ. ಆದರೆ ಮರುಬಳಕೆಯ ಕಾಗದವನ್ನು ಕೈಗೆತ್ತಿಕೊಂಡಾಗ ಉಳಿದ ಮರ ಮಾತ್ರ ನೆನಪಿಗೆ ಬರುತ್ತದೆ; ಅದರ ಹಿಂದಿನ ದುಡಿಮೆ ನೆನಪಿಗೆ ಬರುವುದಿಲ್ಲ. ಆ ದುಡಿಮೆಯ ಒಂದು ಸಣ್ಣ ಹಂತವೇ ಇಂದಿನ ವಿಷಯ: ರದ್ದಿಯ ಬೇಲಿಗೆ ಬಿಗಿದ ತಂತಿಯನ್ನು ತೆಗೆಯುವ ಕೆಲಸ.

ಗುಜರಿಯವರು ಕೊಂಡೊಯ್ದ ಹಳೆಯ ಪತ್ರಿಕೆ, ನೋಟುಪುಸ್ತಕ, ರಟ್ಟಿನ ಪೆಟ್ಟಿಗೆಗಳು ದೊಡ್ಡ ಗೋದಾಮು ಸೇರುತ್ತವೆ. ಬಿಡಿಯಾದ ರದ್ದಿ ಲಾರಿ ತುಂಬಿದರೂ ತೂಕಕ್ಕೆ ಬರುವುದಿಲ್ಲ. ಆದ್ದರಿಂದ ಅದನ್ನು ಯಂತ್ರದಲ್ಲಿ ಒತ್ತಿ, ಉಕ್ಕಿನ ತಂತಿಯಿಂದ ಬಿಗಿದು ಬೇಲುಗಳನ್ನಾಗಿ ಮಾಡುತ್ತಾರೆ. ದೊಡ್ಡ ಬೇಲೊಂದು ಅರ್ಧ ಟನ್ನಿನಿಂದ ಒಂದು ಟನ್ನಿನವರೆಗೆ, ಕೆಲವೊಮ್ಮೆ ಅದಕ್ಕೂ ಹೆಚ್ಚು ತೂಗುತ್ತದೆ. ಒತ್ತಲ್ಪಟ್ಟ ಕಾಗದ ಮತ್ತೆ ಹಿಗ್ಗಲು ಯತ್ನಿಸುತ್ತದೆ. ತಂತಿ ಅದನ್ನು ತಡೆದು ನಿಲ್ಲಿಸುತ್ತದೆ. ಹೀಗಾಗಿ ಪ್ರತಿಯೊಂದು ತಂತಿಯೂ ಎಳೆದು ಹಿಡಿದ ಬಿಲ್ಲಿನ ಹೆದೆಯಂತೆ ಬಿಗಿಯಾಗಿರುತ್ತದೆ.

ಗಿರಣಿಯಲ್ಲಿ ಬೇಲನ್ನು ನೀರಿನ ದೊಡ್ಡ ತೊಟ್ಟಿಯಾದ ಪಲ್ಪರಿಗೆ ಹಾಕಿ ಕಲಕುತ್ತಾರೆ. ಅದಕ್ಕೂ ಮುನ್ನ ತಂತಿಯನ್ನು ತೆಗೆಯಬೇಕು. ಅನೇಕ ಗಿರಣಿಗಳಲ್ಲಿ ಇದು ಕೈಯಿಂದಲೇ ನಡೆಯುವ ಕೆಲಸ. ಉದ್ದ ಹಿಡಿಯ ಕತ್ತರಿ ಹಿಡಿದ ಕಾರ್ಮಿಕನು ಕನ್ವೇಯರಿನ ಪಕ್ಕದಲ್ಲಿ ನಿಂತು ಒಂದೊಂದೇ ತಂತಿಯನ್ನು ತುಂಡರಿಸುತ್ತಾನೆ. ತುಂಡಾದ ಕ್ಷಣದಲ್ಲಿ ತಂತಿಯ ತುದಿ ಚಾಟಿಯಂತೆ ಚಿಮ್ಮುತ್ತದೆ. ಅದು ಕಣ್ಣಿಗೆ ತಗುಲಬಹುದು, ಮುಖವನ್ನು ಸೀಳಬಹುದು. ಕಟ್ಟು ಸಡಿಲಿದ ಬೇಲು ಕುಸಿದು ಮೈಮೇಲೆ ಬೀಳುವ ಅಪಾಯವೂ ಉಂಟು. ಸಿಕ್ಕಿಕೊಂಡ ತಂತಿಯನ್ನು ಎಳೆಯಲೆಂದು ಚಲಿಸುವ ಕನ್ವೇಯರನ್ನು ಏರಿ ಪಲ್ಪರಿನೊಳಗೆ ಬಿದ್ದು ಪ್ರಾಣ ಕಳೆದುಕೊಂಡ ಘಟನೆಗಳು ಜಗತ್ತಿನ ಹಲವೆಡೆ ನಡೆದಿವೆ. ಇಂಥ ಕೆಲಸಗಳಲ್ಲಿ ಕಣ್ಣಿನ ರಕ್ಷಣೆಗೆ ವ್ಯವಸ್ಥೆ ಇರಬೇಕೆಂದು 1948ರ ಕಾರ್ಖಾನೆಗಳ ಕಾಯಿದೆಯ 35ನೆಯ ಕಲಮು ವಿಧಿಸಿತ್ತು. ಆದರೆ ಕನ್ನಡಕ ಕಣ್ಣನ್ನು ಕಾಯುತ್ತದೆಯೇ ಹೊರತು ಅಪಾಯವನ್ನು ನಿವಾರಿಸುವುದಿಲ್ಲ.

ತಂತಿಯನ್ನು ಹಾಗೆಯೇ ಒಳಗೆ ಬಿಟ್ಟರೇನು ಎಂಬ ಪ್ರಶ್ನೆ ಸಹಜ. ಕೆಲವು ಗಿರಣಿಗಳು ಹಾಗೆಯೇ ಮಾಡುತ್ತವೆ. ಪಲ್ಪರಿನ ಸುಳಿಯಲ್ಲಿ ತಂತಿ, ಪ್ಲಾಸ್ಟಿಕ್, ದಾರಗಳು ಒಂದಕ್ಕೊಂದು ಹೆಣೆದುಕೊಂಡು ದಪ್ಪ ಹಗ್ಗವಾಗುತ್ತವೆ. ಅದನ್ನು ಯಂತ್ರದಿಂದ ನಿಧಾನವಾಗಿ ಮೇಲಕ್ಕೆ ಎಳೆದು ತುಂಡರಿಸುತ್ತಾರೆ. ಆದರೆ ಈ ಹಗ್ಗದಲ್ಲಿ ಉಕ್ಕು, ಪ್ಲಾಸ್ಟಿಕ್, ಒದ್ದೆ ನಾರು ಬೇರ್ಪಡಿಸಲಾಗದಂತೆ ಬೆರೆತಿರುವುದರಿಂದ ಕೊನೆಗೆ ಅದು ಕಸದ ರಾಶಿಯನ್ನು ಸೇರುವುದೇ ಹೆಚ್ಚು. ತಪ್ಪಿಸಿಕೊಂಡ ತಂತಿಯ ಚೂರುಗಳು ಪಂಪು, ಜರಡಿಗಳನ್ನು ಹಾಳುಮಾಡುತ್ತವೆ.

ಈ ತಂತಿಯ ಪ್ರಮಾಣ ಅಲ್ಪವೇನಲ್ಲ. ವಿದ್ಯಾರ್ಥಿಗಳು ಲೆಕ್ಕ ಹಾಕಿ ನೋಡಬಹುದು. ಮೂರು ಮಿಲಿಮೀಟರ್ ದಪ್ಪದ ಉಕ್ಕಿನ ತಂತಿ ಮೀಟರಿಗೆ ಸುಮಾರು 55 ಗ್ರಾಂ ತೂಗುತ್ತದೆ. ಬೇಲೊಂದಕ್ಕೆ ಐದು ಮೀಟರಿನ ಐದು ಸುತ್ತು ಎಂದು ಹಿಡಿದರೆ ಸುಮಾರು 1.4 ಕಿಲೋ ಆಯಿತು. ದಿನಕ್ಕೆ 500 ಬೇಲು ಬಳಸುವ ಗಿರಣಿಯಲ್ಲಿ ಸುಮಾರು 700 ಕಿಲೋ ಉಕ್ಕು! ಬೇರೆಯಾಗಿ ತೆಗೆದರೆ ಅದು ಕರಗಿ ಮತ್ತೆ ಉಕ್ಕಾಗುತ್ತದೆ, ತೆಗೆಯದಿದ್ದರೆ ಕಸವಾಗುತ್ತದೆ.

ಈ ಕೆಲಸವನ್ನು ಮನುಷ್ಯರಿಲ್ಲದೆ ನಡೆಸುವ ಯಂತ್ರಗಳು ಬಂದಿವೆ. ಬೇಲು ಸರಪಳಿ ಕನ್ವೇಯರಿನ ಮೇಲೆ ಬೇಲಿಯಿಂದ ಸುತ್ತುವರಿದ ಆವರಣವನ್ನು ಪ್ರವೇಶಿಸುತ್ತದೆ. ಸಂವೇದಕಗಳು ಅದರ ಎತ್ತರ, ಅಗಲಗಳನ್ನು ಅಳೆಯುತ್ತವೆ. ಯಂತ್ರದ ಅಲಗು ಒಂದು ಬದಿಯಲ್ಲಿ ತಂತಿಗಳನ್ನು ತುಂಡರಿಸುತ್ತದೆ. ಬಳಿಕ ತಿರುಗುವ ಮುಳ್ಳುಚಮಚೆಯಂಥ ಸಾಧನವೊಂದು ತಂತಿಗಳನ್ನು ಹಿಡಿದು ಸುರುಳಿಯಾಗಿ ಸುತ್ತಿ ತೊಟ್ಟಿಗೆ ಕೆಡವುತ್ತದೆ. ಕಾರ್ಮಿಕನು ದೂರದ ಕೋಣೆಯಲ್ಲಿ ಕುಳಿತು ಪರದೆಯ ಮೇಲೆ ಇದನ್ನೆಲ್ಲ ನೋಡುತ್ತಿರುತ್ತಾನೆ.

ಆದರೆ ಬೇಲುಗಳೆಲ್ಲ ಒಂದೇ ಅಚ್ಚಿನಲ್ಲಿ ಬರುವುದಿಲ್ಲ. ಭಾರತದ ಗಿರಣಿಗಳು ದೇಶದ ರದ್ದಿಯ ಜೊತೆಗೆ ಹೊರದೇಶಗಳ ರದ್ದಿಯನ್ನೂ ಬಳಸುತ್ತವೆ. ಒಂದರ ತಂತಿ ಅಡ್ಡಕ್ಕಿದ್ದರೆ ಇನ್ನೊಂದರದು ಉದ್ದಕ್ಕಿರುತ್ತದೆ. ಒಂದು ತುಕ್ಕು ಹಿಡಿದಿದ್ದರೆ ಇನ್ನೊಂದು ಕಾಗದದೊಳಗೆ ಹೂತಿರುತ್ತದೆ. ಮನುಷ್ಯನ ಕಣ್ಣು ಕ್ಷಣದಲ್ಲಿ ಗುರುತಿಸುವ ಈ ವ್ಯತ್ಯಾಸ ಯಂತ್ರಕ್ಕೆ ಕಠಿಣ. ಯಂತ್ರ ಸಿಕ್ಕಿಕೊಂಡು ನಿಂತಾಗ ಮನುಷ್ಯ ಮತ್ತೆ ಒಳಗೆ ಹೋಗಲೇಬೇಕು. ವಿದ್ಯುತ್ ಸಂಪರ್ಕ ಕಡಿದು, ಸ್ವಿಚ್ಚಿಗೆ ಬೀಗ ಹಾಕಿ, ಬೀಗದ ಕೈಯನ್ನು ಒಳಹೋಗುವವನೇ ಇಟ್ಟುಕೊಳ್ಳುವ ಶಿಸ್ತು ಇಲ್ಲದಿದ್ದರೆ ಸುರಕ್ಷತೆಗೆಂದು ತಂದ ಯಂತ್ರವೇ ಜೀವಕ್ಕೆ ಎರವಾದೀತು.

ಇನ್ನು ಅತ್ಯಂತ ಕಷ್ಟದ ಪ್ರಶ್ನೆ: ಕತ್ತರಿ ಹಿಡಿದವನ ಅನ್ನ. ಯಂತ್ರ ಬಂದರೆ ಅವನ ಕೂಲಿ ಹೋಗುತ್ತದೆ. ಬಾರದಿದ್ದರೆ ಅವನ ಕಣ್ಣು ಹೋಗಬಹುದು. ಇವೆರಡರಲ್ಲಿ ಒಂದನ್ನು ಆರಿಸಿಕೋ ಎಂದು ಬಡವನಿಗೆ ಹೇಳುವುದು ನ್ಯಾಯವಲ್ಲ. ರದ್ದಿಯನ್ನು ವಿಂಗಡಿಸಲು, ತೇವಾಂಶ ಪರೀಕ್ಷಿಸಲು, ಯಂತ್ರವನ್ನು ನೋಡಿಕೊಳ್ಳಲು ಕೈಗಳು ಬೇಕೇ ಬೇಕು. ಬೇಲನ್ನು ಬಲ್ಲ ಅನುಭವಿಗೆ ತರಬೇತಿ ಕೊಟ್ಟು ಆ ಕೆಲಸಗಳಿಗೆ ನಿಯೋಜಿಸುವುದು ಯಂತ್ರದ ವೆಚ್ಚದ ಭಾಗವೆಂದೇ ಗಿರಣಿಗಳು ಎಣಿಸಬೇಕು. ಮರ ಉಳಿಸುವ ಹೆಸರಿನಲ್ಲಿ ಮನುಷ್ಯನನ್ನು ಕಳೆದುಕೊಳ್ಳುವ ಉದ್ಯಮವನ್ನು ಪರಿಸರಸ್ನೇಹಿ ಎನ್ನಲಾಗದು.

ಗುಡ್ಡದ ಹಳ್ಳಿಗೂ ಇದರಲ್ಲಿ ಪಾಲಿದೆ. ರದ್ದಿಯನ್ನು ಒಣದಾಗಿ ಇಡುವುದು, ಪ್ಲಾಸ್ಟಿಕ್ ಲೇಪಿಸಿದ ಹಾಗೂ ಎಣ್ಣೆ ಹಿಡಿದ ಕಾಗದವನ್ನು ಬೇರ್ಪಡಿಸುವುದು, ಪ್ಲಾಸ್ಟಿಕ್ ಹಗ್ಗ ಬಿಚ್ಚಿ ಗುಜರಿಗೆ ಕೊಡುವುದು ಇವೆಲ್ಲ ಮನೆಯಲ್ಲೇ ಸಾಧ್ಯ. ಮನೆಯಲ್ಲಿ ಬೇರ್ಪಟ್ಟ ಕಸ ಗಿರಣಿಯ ಕಾರ್ಮಿಕನ ಕೈಗೆ ತಾಗದು. ಶಾಲೆಯ ನೋಟುಪುಸ್ತಕದ ಎರಡೂ ಬದಿಯಲ್ಲಿ ಬರೆಯುವುದು ಅದಕ್ಕಿಂತಲೂ ಮೇಲು. ಏಕೆಂದರೆ ಪ್ರತಿ ಮರುಬಳಕೆಯಲ್ಲೂ ನಾರು ತುಂಡಾಗಿ ಸವೆಯುತ್ತದೆ. ಐದಾರು ಸಲದ ಬಳಿಕ ಅದು ಕಾಗದಕ್ಕೆ ಒದಗದು. ಆಗ ಹೊಸ ನಾರಿಗಾಗಿ ಮತ್ತೆ ಗುಡ್ಡದ ಕಡೆಗೇ ನೋಡಬೇಕಾಗುತ್ತದೆ.

ಮರುಬಳಕೆಯ ಹಾಳೆಯ ಮೇಲೆ ಬರೆಯುವಾಗ ಉಳಿದ ಬಿದಿರಿನ ಜೊತೆಗೆ ತಂತಿ ಕತ್ತರಿಸಿದ ಕೈಯೂ ನೆನಪಾಗಲಿ.